ಕೋಳಿಯ ಮೊಟ್ಟೆಯಲ್ಲಿ ಬೀಜಕಣಗಳ ಬೆಳವಣಿಗೆಯೂ ಅಂತಃಸ್ರಾವಗಳ ಪ್ರಭಾವವೂ

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಮಾರ್ಗದಲ್ಲಿ ಸಿಕ್ಕುವ ಪುಂಜಾಲಕಟ್ಟೆಯ ಸುತ್ತಣ ಗ್ರಾಮಗಳಲ್ಲಿ ಅಡಿಕೆ, ತೆಂಗು, ಗೇರುಗಳ ಕೃಷಿಯೊಡನೆ ಹಿತ್ತಿಲಲ್ಲಿ ನಾಲ್ಕಾರು ಕೋಳಿಗಳನ್ನು ಸಾಕಿಕೊಳ್ಳುವುದು ಹಿಂದಿನಿಂದಲೂ ಬಂದ ಪದ್ಧತಿಯಾಗಿರುವುದು. ಮನೆಯ ಊಟಕ್ಕೂ, ದೈವದ ಹರಕೆಗೂ, ಕೈಖರ್ಚಿಗೂ ಒದಗುವ ಈ ಕೋಳಿಗಳ ಪಾಲನೆಯು ಬಹುಮಟ್ಟಿಗೆ ಹೆಂಗಸರ ಕೈಯಲ್ಲಿರುವುದು. ಇಂತಹ ಮನೆಗಳಲ್ಲಿ ಅಪರೂಪಕ್ಕೊಮ್ಮೆ ವಿಚಿತ್ರವಾದ ಸಂಗತಿಯೊಂದು ಕಂಡುಬರುವುದುಂಟು. ಎರಡು ಮೂರು ವರ್ಷ ಚೆನ್ನಾಗಿ ಮೊಟ್ಟೆಯಿಟ್ಟ ಹೇಂಟೆಯೊಂದು ಮೊಟ್ಟೆಯನ್ನು ನಿಲ್ಲಿಸಿ, ಜುಟ್ಟನ್ನು ದೊಡ್ಡದಾಗಿ ಬೆಳೆಸಿ, ಗರಿ ಉದುರಿದ ಮೇಲೆ ಹುಂಜದಂತೆ ಹೊಳಪಿನ ಗರಿಗಳನ್ನು ತಳೆದು, ಒಂದು ಮುಂಜಾವದಲ್ಲಿ ಕೂಗತೊಡಗುವುದು. ಹೇಂಟೆ ಕೂಗಿದರೆ ಮನೆಗೆ ಕೇಡೆಂದು ಹೆದರಿ ಅದನ್ನು ಆ ದಿನವೇ ಕೊಲ್ಲಿಸುವವರು ಈಗಲೂ ಇರುವರು.

ಈ ಹೆದರಿಕೆಗೆ ಕಾರಣವಿಲ್ಲ. ಹೇಂಟೆಯು ಕೂಗುವುದಕ್ಕೆ ಕಾರಣವು ಮನೆಯ ಗ್ರಹಗತಿಯಲ್ಲಿಲ್ಲ. ಅದು ಮೊಟ್ಟೆಯೊಳಗೆ ಭ್ರೂಣವಾಗಿದ್ದಾಗ ಅದರ ಶರೀರದಲ್ಲಿ ನಡೆದ ಕಾರ್ಯಗಳಲ್ಲಿರುವುದು. ಆ ಕಾರ್ಯಗಳನ್ನು ತಿಳಿದುಕೊಂಡರೆ ಕೂಗುವ ಹೇಂಟೆಯ ರಹಸ್ಯವು ಬಯಲಾಗುವುದು ಮಾತ್ರವಲ್ಲದೆ, ಕಾವಿಗಿಡುವ ಮೊಟ್ಟೆಗಳನ್ನು ಹೇಗೆ ಕಾಪಾಡಬೇಕೆಂಬುದೂ, ಯಾವ ವಿಷಗಳಿಂದ ದೂರವಿಡಬೇಕೆಂಬುದೂ ಸ್ಪಷ್ಟವಾಗುವುದು. ಆದುದರಿಂದ ಈ ವಿಷಯವನ್ನು ಸಾಧ್ಯವಾದಷ್ಟು ಸುಲಭವಾಗಿ ಇಲ್ಲಿ ವಿವರಿಸಲಾಗಿದೆ.

ಬೀಜಕಣಗಳೆಂದರೇನು?

ಪ್ರಾಣಿಯ ಶರೀರವು ಅಸಂಖ್ಯಾತ ಜೀವಕಣಗಳಿಂದ ಆದುದು. ಇವುಗಳಲ್ಲಿ ಮಾಂಸ, ಮೂಳೆ, ಚರ್ಮ ಮೊದಲಾದುವುಗಳ ಕಣಗಳು ಆ ಪ್ರಾಣಿಯೊಡನೆಯೇ ನಾಶವಾಗುವುವು. ಕೆಲವು ಕಣಗಳು ಮಾತ್ರ ಮುಂದಿನ ಪೀಳಿಗೆಗೆಂದು ಮೀಸಲಾಗಿರುವುವು. ಇವೇ ಬೀಜಕಣಗಳು. ಹೆಣ್ಣಿನಲ್ಲಿ ಇವು ಅಂಡಗಳಾಗಿಯೂ, ಗಂಡಿನಲ್ಲಿ ರೇತಸ್ಸಿನ ಕಣಗಳಾಗಿಯೂ ಪರಿಣಮಿಸುವುವು. ಒಕ್ಕಲಿಗನು ಬೆಳೆದ ಭತ್ತದಲ್ಲಿ ಉಣ್ಣುವುದಕ್ಕೆ ಬೇರೆ, ಬಿತ್ತುವುದಕ್ಕೆ ಬೇರೆ ಎಂದು ಮೊದಲೇ ವಿಂಗಡಿಸಿ ಬಿತ್ತನೆಯ ಭತ್ತವನ್ನು ಮುಡಿ ಕಟ್ಟಿ ಅಟ್ಟದ ಮೇಲಿಡುವನಷ್ಟೆ. ಪ್ರಕೃತಿಯೂ ಕೋಳಿಯ ಭ್ರೂಣದಲ್ಲಿ ಇಂತಹ ವಿಂಗಡಣೆಯನ್ನು ಬಹು ಬೇಗನೆ ಮಾಡುವುದು.

ಹೇಂಟೆಯು ಇಟ್ಟ ಫಲಿತ ಮೊಟ್ಟೆಯನ್ನು ಒಡೆದು ನೋಡಿದರೆ ಹಳದಿಯ ಮೇಲೆ ಸಣ್ಣ ಬಿಳಿಯ ಮಚ್ಚೆಯೊಂದು ಕಾಣುವುದು. ಮರಿಯಾಗತಕ್ಕದ್ದು ಈ ಮಚ್ಚೆಯೇ. ತಾಯಿಯ ಹೊಟ್ಟೆಯಲ್ಲಿ ಸುಮಾರು ಒಂದು ದಿನ ಕಳೆದಿರುವುದರಿಂದ, ಮೊಟ್ಟೆಯು ಹೊರಬರುವಾಗಲೇ ಈ ಮಚ್ಚೆಯಲ್ಲಿ ಹತ್ತಾರು ಸಾವಿರ ಜೀವಕಣಗಳಿರುವುವು. ಅವುಗಳ ನಡುವೆ ಬೀಜಕಣಗಳಾಗತಕ್ಕವು ಕೆಲವು ಹತ್ತುಗಳು ಮಾತ್ರ. ಜಪಾನಿನ ವಿಜ್ಞಾನಿಗಳು ೨೦೦೦ದಲ್ಲಿ ಈ ಕಣಗಳಲ್ಲಿರುವ ವಿಶಿಷ್ಟವಾದ ಪ್ರೋಟೀನೊಂದನ್ನು ಗುರುತಿಸಿ, ಮೊಟ್ಟೆಯು ವಿಭಜನೆಯಾಗತೊಡಗಿದ ಪ್ರಥಮ ಗಳಿಗೆಗಳಿಂದಲೇ ಆ ಪ್ರೋಟೀನು ಕೆಲವೇ ಕಣಗಳ ಪಾಲಿಗೆ ಬರುವುದೆಂದು ತೋರಿಸಿದರು.

ಬೀಜಕಣಗಳ ಪ್ರಯಾಣ

ಬೀಜಕಣಗಳು ಹುಟ್ಟುವ ಸ್ಥಳವು ಬೇರೆ, ನೆಲೆಸುವ ಸ್ಥಳವು ಬೇರೆ. ಕಾವು ಆರಂಭವಾಗಿ ಒಂದು ದಿನ ತುಂಬುವಷ್ಟರಲ್ಲಿ ಇವು ಭ್ರೂಣದ ತಲೆಯ ಮುಂಭಾಗದಲ್ಲಿ, ಬಿದಿಗೆಯ ಚಂದ್ರನ ಆಕಾರದ ಪ್ರದೇಶವೊಂದರಲ್ಲಿ ಸೇರಿಕೊಂಡಿರುವುವು. ಅಮೆರಿಕದ ಸ್ವಿಫ್ಟ್ ಎಂಬವರು ೧೯೧೪ರಲ್ಲಿ ಇದನ್ನು ವಿವರಿಸಿದರು. ಎರಡನೆಯ ದಿನ ರಕ್ತನಾಳಗಳು ಏರ್ಪಟ್ಟು ಹೃದಯವು ಮಿಡಿಯಲಾರಂಭಿಸಿದೊಡನೆ ಬೀಜಕಣಗಳು ರಕ್ತದೊಳಕ್ಕೆ ನುಗ್ಗಿ, ಅದರ ಪ್ರವಾಹದಲ್ಲಿ ತೇಲುತ್ತ ಭ್ರೂಣವನ್ನೆಲ್ಲ ಸುತ್ತುವುವು. ಸುಮಾರು ೫೦ ರಿಂದ ೫೫ ಗಂಟೆಗಳ ಹೊತ್ತಿಗೆ ರಕ್ತದಲ್ಲಿ ಇವುಗಳ ಸಂಖ್ಯೆಯು ಅತ್ಯಧಿಕವಾಗಿರುವುದು. ಬಳಿಕ ಜನನಗ್ರಂಥಿಗಳು ಏಳತಕ್ಕ ಸ್ಥಳವನ್ನು ಸೇರಿ ಅಲ್ಲಿ ರಕ್ತನಾಳವನ್ನು ಬಿಟ್ಟು ಹೊರಬಂದು ನೆಲೆಗೊಳ್ಳುವುವು. ಹಸು, ಇಲಿ, ಮನುಷ್ಯ ಮೊದಲಾದ ಸಸ್ತನಿಗಳಲ್ಲಿ ಬೀಜಕಣಗಳು ಕರುಳಿನ ಮಾರ್ಗವಾಗಿ ತೆವಳಿಕೊಂಡು ಹೋಗುವುವು. ಪಕ್ಷಿಗಳಲ್ಲಿ ರಕ್ತವೇ ಅವುಗಳಿಗೆ ವಾಹನವಾಗಿರುವುದು.

ಇಲ್ಲಿಯೇ ಒಂದು ಅಸಮತೆಯು ಪ್ರಾರಂಭವಾಗುವುದು. ಎಡ ಮತ್ತು ಬಲ ಎರಡು ಗ್ರಂಥಿಗಳೂ ಏಳುವುವಾದರೂ ಎಡಗಡೆಗೆ ಹೆಚ್ಚು ಬೀಜಕಣಗಳೂ ಬಲಗಡೆಗೆ ಕಡಿಮೆಯೂ ಹೋಗಿ ಸೇರುವುವು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಹೆಣ್ಣೋ ಗಂಡೋ ಎಂಬ ನಿರ್ಣಯ

ಚೂಪಾದ ಮೊಟ್ಟೆಯಿಂದ ಹುಂಜವೂ ದುಂಡಗಿನ ಮೊಟ್ಟೆಯಿಂದ ಹೇಂಟೆಯೂ ಹುಟ್ಟುವುವೆಂಬ ನಂಬಿಕೆಯು ಅನೇಕ ದೇಶಗಳಲ್ಲಿರುವುದು. ಇದು ಸತ್ಯವಲ್ಲ. ಪ್ರತಿಯೊಂದು ಜೀವಕಣದಲ್ಲಿಯೂ ವರ್ಣತಂತುಗಳೆಂಬ ಸೂಕ್ಷ್ಮವಾದ ಎಳೆಗಳಿರುವುವು. ಹುಂಜದಲ್ಲಿ ಜೆಡ್ ಎಂಬ ವರ್ಣತಂತುಗಳು ಎರಡು. ಹೇಂಟೆಯಲ್ಲಿ ಜೆಡ್ ಒಂದು, ಡಬ್ಲ್ಯು ಒಂದು. ಹುಂಜದ ರೇತಸ್ಸಿನ ಕಣಗಳೆಲ್ಲವೂ ಜೆಡ್ ಉಳ್ಳವೇ ಆಗಿರುವುದರಿಂದ, ಮರಿಯು ಹೆಣ್ಣಾಗುವುದೋ ಗಂಡಾಗುವುದೋ ಎಂಬುದು ತಾಯಿಯ ಅಂಡದಲ್ಲಿ ಉಳಿದುದು ಜೆಡ್ಡೋ ಡಬ್ಲ್ಯುವೋ ಎಂಬುದನ್ನು ಅವಲಂಬಿಸಿರುವುದು. ಕಾವಿನಲ್ಲಿ ಹುಂಜದ ಮರಿಗಳೇ ಹೆಚ್ಚಾದುವೆಂದು ತಂದೆ ಹುಂಜವನ್ನು ಮಾರಿಬಿಡುವುದರಿಂದ ಏನೂ ಪ್ರಯೋಜನವಿಲ್ಲ.

ಕಾವಿನ ಉಷ್ಣದಿಂದಲೂ ಕೋಳಿಯ ಲಿಂಗವು ನಿರ್ಣಯವಾಗುವುದಿಲ್ಲ. ಅನೇಕ ಸರೀಸೃಪಗಳಲ್ಲಿ ಹಾಗಲ್ಲ. ನಮ್ಮ ತೋಟಗಳ ಬೇಲಿಯಲ್ಲಿ ತಲೆಯಾಡಿಸುತ್ತ ಕೂರುವ ಓತಿಕ್ಯಾತನ ಮೊಟ್ಟೆಗಳನ್ನು ಬೇರೆ ಬೇರೆ ಉಷ್ಣಾಂಶಗಳಲ್ಲಿಟ್ಟು ಪರೀಕ್ಷಿಸಿದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು, ಉಷ್ಣವು ಏರಿದಂತೆ ಒಮ್ಮೆ ಹೆಣ್ಣು, ಒಮ್ಮೆ ಗಂಡು, ಪುನಃ ಹೆಣ್ಣು, ಪುನಃ ಗಂಡು ಹೆಚ್ಚಾಗುವುವೆಂದು ೨೦೧೨ರಲ್ಲಿ ಪ್ರಕಟಿಸಿದರು. ಕೋಳಿಯಲ್ಲಾದರೋ ವರ್ಣತಂತುಗಳದೇ ತೀರ್ಪು. ಜೆಡ್ ವರ್ಣತಂತುವಿನ ಮೇಲೆ ಡಿಎಂಆರ್‌ಟಿ-೧ ಎಂಬ ಜೀನು ಇರುವುದು. ಇದು ಎರಡು ಪಾಲು ಇದ್ದರೆ ಗ್ರಂಥಿಯು ವೃಷಣವಾಗುವುದು. ಒಂದೇ ಪಾಲು ಇದ್ದರೆ ಅಂಡಾಶಯವಾಗುವುದು. ಆಸ್ಟ್ರೇಲಿಯದ ವಿಜ್ಞಾನಿಗಳು ೨೦೦೯ರಲ್ಲಿ ಇದಕ್ಕೆ ಪ್ರಮಾಣವನ್ನು ಒದಗಿಸಿದರು.

ಅಂತಃಸ್ರಾವಗಳ ಕಾರ್ಯ

ತೀರ್ಪು ವರ್ಣತಂತುಗಳದಾದರೂ ಅದನ್ನು ಜಾರಿಗೆ ತರುವುವು ಅಂತಃಸ್ರಾವಗಳು, ಅಂದರೆ ಹಾರ್ಮೋನುಗಳು. ಶರೀರದ ಒಂದು ಗ್ರಂಥಿಯಲ್ಲಿ ಅತ್ಯಲ್ಪವಾಗಿ ಉತ್ಪತ್ತಿಯಾಗಿ ರಕ್ತದಲ್ಲಿ ಬೆರೆತು, ದೂರದ ಅವಯವಗಳ ಬೆಳವಣಿಗೆಯನ್ನು ನಿಯಂತ್ರಿಸುವ ರಸಗಳಿಗೆ ಈ ಹೆಸರು.

ಆರನೆಯ ದಿನದ ವರೆಗೆ ಹೆಣ್ಣು ಭ್ರೂಣದ ಗ್ರಂಥಿಗೂ ಗಂಡು ಭ್ರೂಣದ ಗ್ರಂಥಿಗೂ ನೋಟದಲ್ಲಿ ಭೇದವಿಲ್ಲ. ಎರಡರಲ್ಲಿಯೂ ಹೊರಗೆ ತೊಗಟೆಯಂತಹ ಪದರವೂ ಒಳಗೆ ತಿರುಳೂ ಇರುವುವು. ಆರು ದಿನ ಕಳೆದೊಡನೆ ಹೆಣ್ಣು ಭ್ರೂಣದ ಗ್ರಂಥಿಯ ತಿರುಳಿನಲ್ಲಿ ಅರೋಮಟೇಸ್ ಎಂಬ ಕಿಣ್ವವು ಕಾಣಿಸಿಕೊಳ್ಳುವುದು. ಗಂಡುತನದ ಹಾರ್ಮೋನುಗಳನ್ನು ಈಸ್ಟ್ರೋಜನ್ ಎಂಬ ಹೆಣ್ಣುತನದ ಹಾರ್ಮೋನಾಗಿ ಮಾರ್ಪಡಿಸುವುದೇ ಈ ಕಿಣ್ವದ ಕೆಲಸ. ಗಂಡು ಭ್ರೂಣದಲ್ಲಿ ಇದು ಇರುವುದಿಲ್ಲ. ಈಸ್ಟ್ರೋಜನ್ ದೊರೆತಾಗ ಹೊರಗಿನ ತೊಗಟೆಯು ದಪ್ಪನಾಗಿ ಬೆಳೆದು ಬೀಜಕಣಗಳು ಅದರಲ್ಲಿ ನೆಲೆಗೊಳ್ಳುವುವು, ಇದೇ ಅಂಡಾಶಯ. ಈಸ್ಟ್ರೋಜನ್ ಇಲ್ಲದಿದ್ದಾಗ ತೊಗಟೆಯು ಕ್ಷೀಣಿಸಿ, ತಿರುಳಿನಲ್ಲಿ ಹಗ್ಗದಂತಹ ನಾಳಗಳು ಉಂಟಾಗಿ ಬೀಜಕಣಗಳು ಅವುಗಳೊಳಗೆ ಸೇರುವುವು, ಇದೇ ವೃಷಣ.

ಹೆಣ್ಣು ಭ್ರೂಣದ ಬಲಗಡೆಯ ಗ್ರಂಥಿಯೂ ಈಸ್ಟ್ರೋಜನನ್ನು ತಯಾರಿಸುವುದಾದರೂ ಅದರ ತೊಗಟೆಯಲ್ಲಿ ಆ ಹಾರ್ಮೋನನ್ನು ಗ್ರಹಿಸುವ ಸಾಧನವಿಲ್ಲ. ಮಳೆ ಎಲ್ಲ ಗದ್ದೆಗೂ ಸುರಿದರೂ ಬದುವಿಲ್ಲದ ಗದ್ದೆಯಲ್ಲಿ ನೀರು ನಿಲ್ಲದಂತೆ, ಬಲಗಡೆಯ ತೊಗಟೆಯು ಬೆಳೆಯದೆ ಹೋಗಿ, ಅಲ್ಲಿದ್ದ ಕೆಲವೇ ಬೀಜಕಣಗಳೂ ಬಹುಮಟ್ಟಿಗೆ ನಾಶವಾಗುವುವು. ಇದರಿಂದಲೇ ಹೇಂಟೆಯ ಹೊಟ್ಟೆಯನ್ನು ಸೀಳಿ ನೋಡಿದರೆ ಎಡಗಡೆಯಲ್ಲಿ ಮಾತ್ರ ಅಂಡಗಳ ಗೊಂಚಲೂ ಮೊಟ್ಟೆಯ ನಾಳವೂ ಕಾಣುವುವು. ಬಲಗಡೆಯಲ್ಲಿ ಉಳಿಯುವುದು ಸಣ್ಣದೊಂದು ತಿರುಳಿನ ಅವಶೇಷ ಮಾತ್ರ.

ಬೀಜಕಣಗಳ ವೃದ್ಧಿ

ಎಡ ಅಂಡಾಶಯದಲ್ಲಿ ನೆಲೆಸಿದ ಬೀಜಕಣಗಳು ಅತಿ ವೇಗದಿಂದ ವೃದ್ಧಿಯಾಗುವುವು. ೧೯೬೩ರಲ್ಲಿ ಪ್ರಕಟವಾದ ಎಣಿಕೆಯ ಪ್ರಕಾರ ಒಂಬತ್ತನೆಯ ದಿನ ಸುಮಾರು ೨೮,೦೦೦ ಇದ್ದ ಅವು ಹದಿನೇಳನೆಯ ದಿನಕ್ಕೆ ಸುಮಾರು ೬,೮೦,೦೦೦ ಆಗಿ, ಮರಿ ಒಡೆಯುವ ಹೊತ್ತಿಗೆ ಅನೇಕವು ಸತ್ತು ಸುಮಾರು ೪,೮೦,೦೦೦ಕ್ಕೆ ಇಳಿಯುವುವು. ಈ ವೃದ್ಧಿಯಲ್ಲಿ ಈಸ್ಟ್ರೋಜನಿನೊಡನೆ, ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳೂ ಪಾಲುಗೊಳ್ಳುವುವು. ಭ್ರೂಣದ ಅಂಡಾಶಯದ ಬೀಜಕಣಗಳಿಗೆ ಈ ಹಾರ್ಮೋನುಗಳನ್ನು ಒದಗಿಸಿದಾಗ ಅವುಗಳ ವೃದ್ಧಿಯು ಹೆಚ್ಚುವುದೆಂದು ಚೀನಾದೇಶದ ವಿಜ್ಞಾನಿಗಳು ಪ್ರಯೋಗಗಳಿಂದ ತೋರಿಸಿರುವರು.

ಹದಿನೈದನೆಯ ದಿನದ ಸುಮಾರಿಗೆ ಹೆಣ್ಣು ಭ್ರೂಣದ ಬೀಜಕಣಗಳು ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ವಿಶೇಷ ವಿಭಜನೆಗೆ ತೊಡಗುವುವು. ಇದಕ್ಕೆ ಸಂಜ್ಞೆಯನ್ನು ಕೊಡುವುದು ರೆಟಿನಾಯಿಕ್ ಆಮ್ಲವೆಂಬ ವಸ್ತು. ಇದು ಎ ಜೀವಸತ್ವದಿಂದ ಉಂಟಾಗುವುದು. ಗಂಡು ಭ್ರೂಣದಲ್ಲಾದರೋ ಬೀಜಕಣಗಳು ವೃದ್ಧಿಯನ್ನು ನಿಲ್ಲಿಸಿ ಸುಮ್ಮನೆ ಇರುವುವು. ಅವುಗಳ ಸಂಖ್ಯಾಕ್ಷಯದ ವಿಭಜನೆಯು ಮರಿಯಾಗಿ ಹಲವು ವಾರಗಳು ಕಳೆದ ಮೇಲೆ ಆರಂಭವಾಗುವುದು. ಹೀಗೆ ಹೇಂಟೆಯು ತನ್ನ ಆಯುಷ್ಯದಲ್ಲಿ ಇಡತಕ್ಕ ಮೊಟ್ಟೆಗಳ ಬೀಜವೆಲ್ಲವೂ ಅದು ಚಿಪ್ಪನ್ನು ಒಡೆಯುವ ಮುಂಚೆಯೇ ಸಿದ್ಧವಾಗಿರುವುದು. ಲಕ್ಷಗಟ್ಟಲೆ ಅಂಡಗಳಲ್ಲಿ ಮೊಟ್ಟೆಯಾಗಿ ಹೊರಬರುವುವು ಕೆಲವು ನೂರು ಮಾತ್ರ.

ಪ್ರಯೋಗಗಳಿಂದ ತಿಳಿದುಬಂದುದು

ಹಾರ್ಮೋನುಗಳ ಶಕ್ತಿಯನ್ನು ಎರಡು ಬಗೆಯ ಪ್ರಯೋಗಗಳು ನಿರ್ವಿವಾದವಾಗಿ ತೋರಿಸಿರುವುವು. ಫ್ರಾನ್ಸಿನ ವುಲ್ಫ್ ಮೊದಲಾದವರು ೧೯೩೫ರ ಸುಮಾರಿಗೆ ಕಾವಿನಲ್ಲಿದ್ದ ಮೊಟ್ಟೆಗಳೊಳಕ್ಕೆ ಹೆಣ್ಣುತನದ ಹಾರ್ಮೋನನ್ನು ಸೇರಿಸಿದಾಗ, ಗಂಡಾಗತಕ್ಕ ಭ್ರೂಣಗಳ ಎಡ ವೃಷಣವು ಅಂಡಾಶಯದ ರೂಪವನ್ನು ತಾಳಿತು. ಇದಕ್ಕೆ ವಿರುದ್ಧವಾಗಿ ಎಲ್ಬ್ರೆಕ್ಟ್ ಮತ್ತು ಸ್ಮಿತ್ ಎಂಬವರು ೧೯೯೨ರಲ್ಲಿ ಅರೋಮಟೇಸ್ ಕಿಣ್ವವನ್ನು ತಡೆಯುವ ಔಷಧವನ್ನು ಐದನೆಯ ದಿನದ ಮೊಟ್ಟೆಗಳಿಗೆ ಚುಚ್ಚಿದಾಗ, ಹೆಣ್ಣಾಗತಕ್ಕ ಭ್ರೂಣಗಳಲ್ಲಿ ವೃಷಣಗಳು ಬೆಳೆದುವು.

ಆದರೆ ಹಾರ್ಮೋನುಗಳಿಗೂ ಒಂದು ಮೇರೆಯುಂಟು. ಈಸ್ಟ್ರೋಜನಿನಿಂದ ಹೆಣ್ಣಿನಂತಾದ ಗಂಡು ಭ್ರೂಣಗಳ ಗ್ರಂಥಿಯು ಮರಿಯಾದ ಮೇಲೆ ಕ್ರಮೇಣ ವೃಷಣದ ಕಡೆಗೇ ಮರಳುವುದು. ಎಡಿನ್‌ಬರೋ ಸಮೀಪದ ರೋಸ್ಲಿನ್ ಸಂಸ್ಥೆಯವರು ೨೦೨೧ರಲ್ಲಿ ವಿವರಿಸಿದ, ಡಿಎಂಆರ್‌ಟಿ-೧ ಜೀನಿನ ಒಂದು ಪಾಲನ್ನು ಕೆಡಿಸಿದ ಹುಂಜಗಳಲ್ಲಿ ಅಂಡಾಶಯವು ಬೆಳೆಯಿತಾದರೂ ಶರೀರದ ಗಾತ್ರವೂ ಜುಟ್ಟೂ ಹುಂಜದವೇ ಆಗಿದ್ದುವು. ಅಂದರೆ ಪಕ್ಷಿಯ ಪ್ರತಿಯೊಂದು ಜೀವಕಣವೂ ತಾನು ಹೆಣ್ಣೋ ಗಂಡೋ ಎಂಬುದನ್ನು ಸ್ವಲ್ಪಮಟ್ಟಿಗೆ ತಾನೇ ಬಲ್ಲುದು.

ಕೂಗುವ ಹೇಂಟೆಯ ವಿಚಾರ

ಇಷ್ಟನ್ನು ತಿಳಿದ ಮೇಲೆ ಕೂಗುವ ಹೇಂಟೆಯ ವಿಚಾರವು ಸುಲಭವಾಗುವುದು. ಗಂತಿಯಿಂದಲೋ ಬೇರೆ ರೋಗದಿಂದಲೋ ಹೇಂಟೆಯ ಎಡ ಅಂಡಾಶಯವು ಹಾಳಾದರೆ ಈಸ್ಟ್ರೋಜನಿನ ಉತ್ಪತ್ತಿಯು ನಿಂತುಹೋಗುವುದು. ಕೋಳಿಗಳಲ್ಲಿ ಹುಂಜದ ಗರಿಯೇ ಸಹಜವಾದುದು. ಹೇಂಟೆಯ ಸಾದಾ ಗರಿಯು ಈಸ್ಟ್ರೋಜನಿನ ಪರಿಣಾಮ. ಆದುದರಿಂದ ಮುಂದಿನ ಗರಿ ಉದುರುವಿಕೆಯಲ್ಲಿ ಹೊಳೆಯುವ ಗರಿಗಳು ಬರುವುವು. ಇಷ್ಟು ಕಾಲ ಅಡಗಿದ್ದ ಬಲಗಡೆಯ ತಿರುಳಿನ ಅವಶೇಷವು ಬೆಳೆದು ವೃಷಣದಂತಾಗಿ ಗಂಡುತನದ ಹಾರ್ಮೋನನ್ನು ಸುರಿಸುವುದು. ಅದರಿಂದ ಜುಟ್ಟು ಬೆಳೆದು ಕೂಗು ಹೊರಡುವುದು. ಷಿಕಾಗೋದ ಡಾಮ್ ಎಂಬವರು ೧೯೨೦ರ ದಶಕದಲ್ಲಿ ಎಳೆಯ ಹೇಂಟೆಮರಿಗಳ ಎಡ ಅಂಡಾಶಯವನ್ನು ಶಸ್ತ್ರಕ್ರಿಯೆಯಿಂದ ತೆಗೆದು ಇದನ್ನೇ ಪ್ರತ್ಯಕ್ಷವಾಗಿ ತೋರಿಸಿದರು. ಬಲಗಡೆಯಲ್ಲಿ ಬೀಜಕಣಗಳು ಬಹುಮಟ್ಟಿಗೆ ನಾಶವಾಗಿರುವುದರಿಂದ ಇಂತಹ ಕೋಳಿಗಳು ಸಾಮಾನ್ಯವಾಗಿ ಬಂಜೆಗಳು. ಮೊಟ್ಟೆಯಿಟ್ಟಿದ್ದ ಹೇಂಟೆಯೊಂದು ಹುಂಜವಾಗಿ ಎರಡು ಮರಿಗಳಿಗೆ ತಂದೆಯಾಯಿತೆಂದು ಎಡಿನ್‌ಬರೋದ ಕ್ರ್ಯೂ ಎಂಬವರು ೧೯೨೩ರಲ್ಲಿ ವರದಿ ಮಾಡಿದುದು ಅತ್ಯಂತ ವಿರಳವಾದ ಉದಾಹರಣೆ.

ಅಜ್ಞಾನವು ನಮ್ಮ ಸೀಮೆಗೆ ಮಾತ್ರ ಸೇರಿದುದಲ್ಲ. ಸ್ವಿಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ೧೪೭೪ರಲ್ಲಿ ಮೊಟ್ಟೆಯಿಟ್ಟಿತೆಂಬ ಅಪರಾಧಕ್ಕಾಗಿ ಹುಂಜವೊಂದನ್ನು ವಿಚಾರಣೆಗೆ ಗುರಿಪಡಿಸಿ ಸುಟ್ಟುಹಾಕಿದರು. ಬಹುಶಃ ಅದೂ ರೂಪ ಬದಲಾದ ಹೇಂಟೆಯೇ ಆಗಿದ್ದಿರಬೇಕು.

ಮೊಟ್ಟೆಯನ್ನು ಸೇರುವ ವಿಷಗಳು

ಹಾರ್ಮೋನು ಅತ್ಯಲ್ಪ ಪ್ರಮಾಣದಲ್ಲಿ ಕೆಲಸ ಮಾಡುವುದಾದುದರಿಂದ, ಅದರಂತೆ ನಟಿಸುವ ವಿಷಗಳು ಅಪಾಯಕಾರಿಗಳು. ಡಿ.ಡಿ.ಟಿ.ಯಂತಹ ಔಷಧಗಳು ಕೊಬ್ಬಿನಲ್ಲಿ ಕರಗುವುದರಿಂದ ಪಕ್ಷಿಯ ಮೈಯಲ್ಲಿ ಸಂಗ್ರಹವಾಗಿ, ಮೊಟ್ಟೆಯ ಹಳದಿಯೊಳಕ್ಕೆ ಇಳಿಯುವುವು. ಕ್ಯಾಲಿಫೋರ್ನಿಯದಲ್ಲಿ ಫ್ರೈ ಮತ್ತು ಟೂನ್ ಎಂಬವರು, ಪ್ರಕೃತಿಯಲ್ಲಿ ಮಲಿನವಾದ ಮೊಟ್ಟೆಗಳಲ್ಲಿ ಕಂಡಷ್ಟೇ ಪ್ರಮಾಣದ ಡಿ.ಡಿ.ಟಿ.ಯನ್ನು ಕಡಲಹಕ್ಕಿಗಳ ಮೊಟ್ಟೆಗಳಿಗೆ ಸೇರಿಸಿದಾಗ, ಗಂಡು ಭ್ರೂಣಗಳ ಗ್ರಂಥಿಯಲ್ಲಿ ಅಂಡಾಶಯದ ಅಂಶವು ಬೆಳೆಯಿತೆಂದು ೧೯೮೧ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ಕೃಷಿಗೆ ಡಿ.ಡಿ.ಟಿ.ಯ ಬಳಕೆಯು ೧೯೮೯ರಲ್ಲಿ ನಿಷೇಧಿಸಲ್ಪಟ್ಟಿತು.

ನಮ್ಮ ಜಿಲ್ಲೆಗೆ ಈ ಪಾಠವು ದೂರದ ಮಾತಲ್ಲ. ಪುಂಜಾಲಕಟ್ಟೆಯಿಂದ ಹೆಚ್ಚು ದೂರವಲ್ಲದ, ಬೆಳ್ತಂಗಡಿ ತಾಲೂಕಿನ ಕೊಕ್ಕಡ ಮೊದಲಾದ ಗ್ರಾಮಗಳಲ್ಲಿಯೂ, ನೆರೆಯ ಕಾಸರಗೋಡಿನಲ್ಲಿಯೂ ಗೇರು ತೋಪುಗಳ ಮೇಲೆ ಹಲವು ವರ್ಷ ಆಕಾಶಮಾರ್ಗವಾಗಿ ಎಂಡೋಸಲ್ಫಾನನ್ನು ಸಿಂಪಡಿಸಿದುದರ ದುಃಖವನ್ನು ಅಲ್ಲಿನ ಕುಟುಂಬಗಳು ಇಂದಿಗೂ ಅನುಭವಿಸುತ್ತಿರುವುವು. ಪ್ರಯೋಗಶಾಲೆಗಳಲ್ಲಿ ಈ ಔಷಧಕ್ಕೂ ಈಸ್ಟ್ರೋಜನನ್ನು ಅನುಕರಿಸುವ ದುರ್ಬಲವಾದ ಗುಣವಿರುವುದು ಕಂಡುಬಂದಿದೆ. ಸರ್ವೋಚ್ಚ ನ್ಯಾಯಾಲಯವು ೨೦೧೧ನೆಯ ಮೇ ತಿಂಗಳಲ್ಲಿ ದೇಶಾದ್ಯಂತ ಇದರ ಬಳಕೆಯನ್ನು ತಡೆಯಿತು. ಕೀಟನಾಶಕವು ಕೀಟದಲ್ಲಿಯೇ ನಿಲ್ಲದೆ ಮೊಟ್ಟೆಯೊಳಗಿನ ಮುಂದಿನ ಪೀಳಿಗೆಯನ್ನೂ ಮುಟ್ಟಬಹುದೆಂಬುದನ್ನು ಒಕ್ಕಲಿಗರು ಮರೆಯಲಾಗದು.

ಈ ಜ್ಞಾನದ ಉಪಯೋಗಗಳು

ಮೊಟ್ಟೆಯ ತಳಿಗಳ ಗಂಡುಮರಿಗಳು ಮಾಂಸಕ್ಕೂ ಬಾರದೆ, ಮೊಟ್ಟೆಯನ್ನೂ ಇಡದೆ ಇರುವುದರಿಂದ ದೊಡ್ಡ ಮರಿಕೇಂದ್ರಗಳಲ್ಲಿ ಅವುಗಳನ್ನು ಹುಟ್ಟಿದ ದಿನವೇ ಕೊಲ್ಲುವುದು ರೂಢಿಯಾಯಿತು. ಜರ್ಮನಿಯು ೨೦೨೨ನೆಯ ಜನವರಿಯಿಂದ ಇದನ್ನು ನಿಷೇಧಿಸಿತು. ಒಂಬತ್ತನೆಯ ದಿನ ಮೊಟ್ಟೆಯ ದ್ರವದ ಒಂದು ಹನಿಯನ್ನು ತೆಗೆದು, ಅದರಲ್ಲಿ ಹೆಣ್ಣುತನದ ಹಾರ್ಮೋನಿನ ಅಂಶವುಂಟೋ ಇಲ್ಲವೋ ಎಂದು ಪರೀಕ್ಷಿಸಿ ಗಂಡು ಮೊಟ್ಟೆಗಳನ್ನು ಮೊದಲೇ ಬೇರ್ಪಡಿಸುವ ಕ್ರಮವು ಅಲ್ಲಿ ಬಂದಿತು.

ಎರಡನೆಯ ಉಪಯೋಗವು ನಾಡತಳಿಗಳ ರಕ್ಷಣೆಗೆ ಸಂಬಂಧಿಸಿದುದು. ಕೋಳಿಯ ಮೊಟ್ಟೆಯನ್ನು ಹೆಪ್ಪುಗಟ್ಟಿಸಿ ಕಾಪಿಡಲು ಸಾಧ್ಯವಿಲ್ಲ. ರೇತಸ್ಸಿನಲ್ಲಿ ಡಬ್ಲ್ಯು ವರ್ಣತಂತುವಿಲ್ಲ. ಆದರೆ ಭ್ರೂಣದ ರಕ್ತದಲ್ಲಿ ಸಂಚರಿಸುವ ಬೀಜಕಣಗಳನ್ನು ಹೊರತೆಗೆದು ಬೆಳೆಸುವ ವಿಧಾನವು ೨೦೦೬ರಲ್ಲಿ ಸಿದ್ಧಿಸಿತು. ಹಾಗೆ ಬೆಳೆಸಿದ ಕಣಗಳನ್ನು ಶೈತ್ಯದಲ್ಲಿ ಕಾಪಿಟ್ಟು, ಬೇಕಾದಾಗ ಬೇರೊಂದು ಭ್ರೂಣದ ರಕ್ತಕ್ಕೆ ಸೇರಿಸಿ ಅಳಿಯುತ್ತಿರುವ ತಳಿಯನ್ನು ಪುನಃ ಪಡೆಯಬಹುದು. ಹೆಬ್ಬಾಳದಲ್ಲಿ ಸಿದ್ಧವಾದ ಗಿರಿರಾಜ, ಸ್ವರ್ಣಧಾರಾ ಮುಂತಾದ ಸುಧಾರಿತ ಕೋಳಿಗಳು ಹಿತ್ತಿಲುಗಳಿಗೆ ಬಂದಿರುವ ಕಾಲದಲ್ಲಿ, ಊರಕೋಳಿಯನ್ನು ಪೂರ್ಣವಾಗಿ ಕಳೆದುಕೊಳ್ಳದಿರುವುದು ವಿವೇಕ.

ಸಾಕಣೆಗಾರರು ಗಮನಿಸತಕ್ಕ ಅಂಶಗಳು

೧. ಕಾವಿಗಿಡುವ ಮೊಟ್ಟೆಗಳನ್ನು ದಿನವೂ ಆರಿಸಿ, ಏಳು ದಿನಗಳೊಳಗಾಗಿ ಕಾವಿಗಿಡತಕ್ಕದ್ದು. ಕರಾವಳಿಯ ಬೇಸಿಗೆಯ ಸೆಕೆಯಲ್ಲಿ ಮೊಟ್ಟೆಯೊಳಗಿನ ಭ್ರೂಣವು ಕಾವಿಲ್ಲದೆಯೇ ಅರೆಬರೆಯಾಗಿ ಬೆಳೆಯತೊಡಗಿ ದುರ್ಬಲವಾಗುವುದು. ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯಲ್ಲಿ, ನೆರಳಿನಲ್ಲಿ ಅವುಗಳನ್ನು ಕಾಪಿಡಬೇಕು. ನೀರು ಮೊಟ್ಟೆಗಳಿಗೆ ತಾಗಬಾರದು.

೨. ಕಾವಿನ ಯಂತ್ರವನ್ನು ಉಪಯೋಗಿಸುವವರು ಉಷ್ಣವು ೩೭.೫ ರಿಂದ ೩೭.೮ ಡಿಗ್ರಿ ಸೆಂಟಿಗ್ರೇಡಿನಲ್ಲಿ ಇರುವಂತೆ ನೋಡಿಕೊಳ್ಳತಕ್ಕದ್ದು. ಬೀಜಕಣಗಳು ರಕ್ತದಲ್ಲಿ ಸಂಚರಿಸುವ ಎರಡನೆಯ ಮತ್ತು ಮೂರನೆಯ ದಿನಗಳಲ್ಲಿ ಭ್ರೂಣವು ಬಹಳ ಸುಕುಮಾರವಾಗಿರುವುದು. ವಿದ್ಯುತ್ತು ನಿಂತಾಗ ವಿಶೇಷವಾದ ಎಚ್ಚರವಿರಲಿ.

೩. ಮೊಟ್ಟೆಯಿಡುವ ಕೋಳಿಗಳಿಗೆ ನುಗ್ಗೆಸೊಪ್ಪು, ಇತರ ಹಸಿರು ಸೊಪ್ಪು, ಹಳದಿ ಜೋಳ ಮೊದಲಾದುವನ್ನು ತಪ್ಪದೆ ಕೊಡತಕ್ಕದ್ದು. ತಾಯಿಯ ಮೇವಿನಲ್ಲಿ ಎ ಜೀವಸತ್ವವಿಲ್ಲದಿದ್ದರೆ ಮೊಟ್ಟೆಯಲ್ಲಿಯೂ ಅದು ಇರುವುದಿಲ್ಲ. ಭ್ರೂಣವು ಮೊದಲ ದಿನಗಳಲ್ಲಿಯೇ ಸಾಯಬಹುದು.

೪. ತೋಟಕ್ಕೆ ಔಷಧವನ್ನು ಸಿಂಪಡಿಸುವ ದಿನಗಳಲ್ಲಿ ಕೋಳಿಗಳನ್ನು ಗೂಡಿನಲ್ಲಿಯೇ ಇರಿಸತಕ್ಕದ್ದು. ಅಡಿಕೆಯ ಕೊಳೆರೋಗಕ್ಕೆ ಬಳಸುವ ಬೋರ್ಡೋ ದ್ರಾವಣವು ಮೇಲೆ ಹೇಳಿದ ವಿಷಗಳ ಜಾತಿಗೆ ಸೇರಿದುದಲ್ಲವಾದರೂ, ಅದರ ಪಾತ್ರೆಯ ತೊಳೆನೀರನ್ನೂ ಕೋಳಿಗಳು ಕುಡಿಯಲಾಗದು. ಔಷಧದ ಖಾಲಿ ಡಬ್ಬಿಗಳಲ್ಲಿ ನೀರನ್ನಾಗಲಿ ಮೇವನ್ನಾಗಲಿ ಇಡಲೇಬಾರದು.

೫. ಹೇಂಟೆಯು ಕೂಗತೊಡಗಿದರೆ ಹೆದರಬೇಕಾದುದಿಲ್ಲ. ಅದು ಇನ್ನು ಮೊಟ್ಟೆಯಿಡುವ ಸಂಭವವು ಬಹು ಕಡಿಮೆಯೆಂದು ಮಾತ್ರ ತಿಳಿಯಬೇಕು. ಅಂಡಾಶಯದ ರೋಗವು ಕೆಲವೊಮ್ಮೆ ಹಿಂಡಿಗೆ ಹರಡುವ ಜಾತಿಯದಾಗಿರಬಹುದಾದುದರಿಂದ, ಕೋಳಿಯನ್ನು ಬೇರೆಯಾಗಿಟ್ಟು ಸಮೀಪದ ಪಶುವೈದ್ಯರಿಗೆ ತೋರಿಸತಕ್ಕದ್ದು. ಇತರ ಕೋಳಿಗಳಲ್ಲಿಯೂ ಮೊಟ್ಟೆ ಕಡಿಮೆಯಾಗಿದ್ದರೆ ಇದು ಅತ್ಯಾವಶ್ಯಕ.

ಆರನೆಯ ದಿನದಿಂದ ಇಪ್ಪತ್ತೊಂದನೆಯ ದಿನದ ವರೆಗೆ ಚಿಪ್ಪಿನೊಳಗೆ ಕಣ್ಣಿಗೆ ಕಾಣದೆ ನಡೆಯುವ ಈ ಕಾರ್ಯವನ್ನು ನಾವು ನಡೆಸಲಾರೆವು, ಕೆಡಿಸದೆ ಇರಬಲ್ಲೆವು. ಕಾವು ಕುಳಿತ ಹೇಂಟೆಯ ಗೂಡಿಗೆ ನೆರಳು, ತಾಯಿಗೆ ಒಳ್ಳೆಯ ಮೇವು, ವಿಷದಿಂದ ದೂರ, ಈ ಮೂರನ್ನು ಒದಗಿಸುವ ಮನೆಯಲ್ಲಿ ಮುಂದಿನ ಪೀಳಿಗೆಯ ಬೀಜವು ಸುರಕ್ಷಿತವಾಗಿರುವುದು.